ತಪ್ಪು ಯಾರದು ಎಂದು ಕೇಳಿದ ಮೊಮ್ಮಗಳಿಗೆ

ಮಗೂ,

ವೇಕೋ ಮುತ್ತಿಗೆಯ ಮೇಲೆ 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಸಾಕ್ಷ್ಯಚಿತ್ರ ನೋಡಿ ಮುಗಿಸಿದವಳೇ ಫೋನ್ ಮಾಡಿ, "ತಾತ, ಕೊನೆಗೂ ತಪ್ಪು ಯಾರದು? ಸರ್ಕಾರದ್ದಾ, ಆ ಗುರುವಿಂದಾ?" ಅಂತ ಕೇಳಿದೆ. ನಾನು ಒಂದು ಹೆಸರು ಹೇಳಿಬಿಟ್ಟರೆ ನಿನಗೆ ನಿರಾಳವಾಗುತ್ತಿತ್ತು. ಹೇಳಲಿಲ್ಲ, ಬರೆಯುತ್ತೇನೆ ಅಂದೆ. 1993ರಲ್ಲಿ ಇಡೀ ಅಮೆರಿಕ ಇದೇ ಪ್ರಶ್ನೆ ಕೇಳಿಕೊಂಡು ಒಂದೇ ದಿನದಲ್ಲಿ ಉತ್ತರ ಕೊಟ್ಟುಕೊಂಡಿತು. ಆರು ವರ್ಷದ ಮೇಲೆ ಅಷ್ಟೇ ಅವಸರದಲ್ಲಿ ಅದಕ್ಕೆ ತದ್ವಿರುದ್ಧವಾದ ಉತ್ತರ ಕೊಟ್ಟುಕೊಂಡಿತು. ಈ ಎರಡರ ನಡುವೆ ಓಕ್ಲಹೋಮ ನಗರದಲ್ಲಿ 168 ಜನ ಸತ್ತರು. ಹಾಗಾಗಿ ತಪ್ಪು ಯಾರದು ಎನ್ನುವುದಕ್ಕಿಂತ, ನೋಡುತ್ತಾ ನಿಂತವರು ಏನು ಮಾಡಿದರು ಎನ್ನುವುದನ್ನೇ ನಿನಗೆ ಹೇಳಬೇಕಾಗಿದೆ. ನಾಳೆ ಇಂಥದ್ದು ಎಲ್ಲೇ ನಡೆದರೂ ನೀನೂ ನಾನೂ ಇರುವುದು ಆ ನೋಡುವವರ ಗುಂಪಿನಲ್ಲೇ.

ನೀನು ಓದುತ್ತಿರುವ ಡಾಲಸ್‌ನಿಂದ ಆಸ್ಟಿನ್‌ಗೆ ಹೋಗುವ ಹೆದ್ದಾರಿಯ ನಡುದಾರಿಯಲ್ಲೇ ವೇಕೋ ಸಿಗುತ್ತದೆ. ಊರಾಚೆ, ಬಯಲಿನಲ್ಲಿ, ಮೌಂಟ್ ಕಾರ್ಮೆಲ್ ಎಂಬ ಮರದ ಹಲಗೆಯ ದೊಡ್ಡ ಕಟ್ಟಡವಿತ್ತು. ಅಲ್ಲಿದ್ದ ಬ್ರಾಂಚ್ ಡೇವಿಡಿಯನ್ನರು ನಿನ್ನೆ ಮೊನ್ನೆ ಹುಟ್ಟಿಕೊಂಡವರಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಿಂದ ಒಡೆದ ಕವಲಿನ ಕವಲು ಅದು. 1930ರ ದಶಕದಿಂದಲೂ ಅವರ ಹಿರಿಯರು ವೇಕೋದಲ್ಲಿದ್ದರು. ಬಿಳಿಯರು, ಕರಿಯರು, ಬ್ರಿಟನ್ನಿನಿಂದ, ಆಸ್ಟ್ರೇಲಿಯಾದಿಂದ ಬಂದವರು ಎಲ್ಲರೂ ಒಟ್ಟಿಗೆ ಬಾಳುತ್ತಿದ್ದರು. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ವಕೀಲರೊಬ್ಬರೂ ಅವರಲ್ಲಿದ್ದರು. ಇವರ ಗುರು ವರ್ನನ್ ಹೊವೆಲ್ 1990ರಲ್ಲಿ ಡೇವಿಡ್ ಕೊರೇಶ್ ಎಂದು ಹೆಸರು ಬದಲಿಸಿಕೊಂಡ. ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ ಏಳು ಮುದ್ರೆಗಳನ್ನು ತೆರೆಯಬಲ್ಲವನು ತಾನೊಬ್ಬನೇ ಎಂದ. ಶಿಷ್ಯರ ಹೆಂಡತಿಯರನ್ನು ತನ್ನವರೆಂದ. ಇನ್ನೂ ಮಕ್ಕಳೆನ್ನಬೇಕಾದ ಹುಡುಗಿಯರನ್ನೂ ಹೆಂಡತಿಯರನ್ನಾಗಿ ಮಾಡಿಕೊಂಡ. ನೂರಾರು ಬಂದೂಕು ಕೂಡಿಹಾಕಿದ. ಇದರಲ್ಲಿ ಒಂದನ್ನೂ ನೀನು ಮರೆಯಬಾರದು. ಸರ್ಕಾರದ ತಪ್ಪು ಗೊತ್ತಾದ ಕೂಡಲೇ ಕೊರೇಶ್‌ನನ್ನು ಹುತಾತ್ಮನನ್ನಾಗಿ ಮಾಡಿದವರು ಮೊದಲು ಮರೆತದ್ದು ಆ ಹುಡುಗಿಯರನ್ನು.

ಬಂದೂಕುಗಳನ್ನು ಅಕ್ರಮವಾಗಿ ಮಷೀನ್‌ಗನ್‌ಗಳನ್ನಾಗಿ ಮಾರ್ಪಡಿಸುತ್ತಿದ್ದಾರೆ ಎಂಬ ಶಂಕೆಯ ಮೇಲೆ ಎಟಿಎಫ್ ಎಂಬ ಕೇಂದ್ರ ಇಲಾಖೆ ವಾರಂಟ್ ಪಡೆಯಿತು. 1993ರ ಫೆಬ್ರುವರಿ 28ರ ಭಾನುವಾರ ಬೆಳಿಗ್ಗೆ ಎಪ್ಪತ್ತಕ್ಕೂ ಹೆಚ್ಚು ಸಿಬ್ಬಂದಿ ದನ ಸಾಗಿಸುವ ಟ್ರೇಲರ್‌ಗಳಲ್ಲಿ ಅಡಗಿಕೊಂಡು ಬಂದರು. ಗುರುತು ಮರೆಸಿಕೊಂಡು ಒಳಗೆ ಓಡಾಡುತ್ತಿದ್ದ ಅವರದೇ ಮನುಷ್ಯ, ನಾವು ಬರುವುದು ಕೊರೇಶ್‌ಗೆ ಗೊತ್ತಾಗಿಬಿಟ್ಟಿದೆ ಎಂದು ಅಂದೇ ಬೆಳಿಗ್ಗೆ ತಿಳಿಸಿದ್ದ. ಆದರೂ ಮೇಲಿನವರು ನುಗ್ಗಿಸಿದರು. ಇಲಾಖೆಯ ನಾಲ್ವರು, ಪಂಥದ ಆರು ಮಂದಿ ಅವತ್ತೇ ಸತ್ತರು. ಮೊದಲ ಗುಂಡು ಯಾರದೆಂಬುದರ ಮೇಲೆ ಇವತ್ತಿಗೂ ವಾದವಿದೆ. ಇನ್ನೊಂದು ಸಂಗತಿ ಕೇಳು. 1987ರಲ್ಲಿ ಇದೇ ಜಾಗದಲ್ಲಿ, ಪಂಥದೊಳಗಿನ ಜಗಳದಲ್ಲಿ ಗುಂಡು ಹಾರಿತ್ತು. ಆಗ ಸ್ಥಳೀಯ ಶೆರಿಫ್ ಕಚೇರಿಯವರು ಬಂದು ಹಿಡಿದಾಗ ಇದೇ ಕೊರೇಶ್ ತನ್ನವರೊಂದಿಗೆ ಆಯುಧ ಒಪ್ಪಿಸಿದ್ದ, ಕೋರ್ಟಿಗೂ ನಡೆದಿದ್ದ. ಬೇರೆ ದಾರಿ ಇತ್ತು. ಅದನ್ನು ತುಳಿದು ನೋಡಿದವರೂ ಇದ್ದರು.

ಅಲ್ಲಿಂದ 51 ದಿನ ಎಫ್‌ಬಿಐ ಮುತ್ತಿಗೆ ಹಾಕಿ ಕೂತಿತು. ಸಂಧಾನಕಾರರು ಫೋನಿನಲ್ಲಿ ಮಾತಾಡಿ ಮಾತಾಡಿ 35 ಜನರನ್ನು ಹೊರಗೆ ತಂದರು. ಅದರಲ್ಲಿ 21 ಮಕ್ಕಳು. ಅದೇ ಹೊತ್ತಿಗೆ ಸಶಸ್ತ್ರ ದಳದವರು ಕರೆಂಟ್ ತೆಗೆದರು, ರಾತ್ರಿಯೆಲ್ಲ ಕಣ್ಣು ಕುಕ್ಕುವ ದೀಪ ಬಿಟ್ಟರು, ಧ್ವನಿವರ್ಧಕದಲ್ಲಿ ಕಿವಿ ಹರಿಯುವಂಥ ಸಂಗೀತವನ್ನೂ ಕೊಲ್ಲುವಾಗ ಮೊಲಗಳು ಕಿರುಚುವ ಸದ್ದನ್ನೂ ಹಾಕಿದರು. ಹಗಲು ಮಾತಾಡಿ ಗಳಿಸಿದ ನಂಬಿಕೆ ರಾತ್ರಿ ಕರಗಿಹೋಗುತ್ತಿತ್ತು.

ಈ ಮುತ್ತಿಗೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ವಿಡಿಯೊ ಟೇಪು. ಎಫ್‌ಬಿಐನವರೇ ಒಳಗೆ ಕ್ಯಾಮೆರಾ ಕಳಿಸಿದರು. ಒಳಗಿನವರು ಅದರ ಮುಂದೆ ಒಬ್ಬೊಬ್ಬರಾಗಿ ಕೂತು, ನಾನು ಇಂಥವನು, ಇಂಥ ಊರಿನವನು, ಇಲ್ಲಿರಲು ನಾನೇ ಇಷ್ಟಪಟ್ಟಿದ್ದೇನೆ ಎಂಬಂತೆ ಮಾತಾಡಿದರು. ಗುಂಡೇಟು ತಿಂದಿದ್ದ ಕೊರೇಶ್ ಗಾಯ ತೋರಿಸಿದ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಪರಿಚಯ ಮಾಡಿಸಿದ. ಎಳೆಯ ಮಕ್ಕಳು ಕ್ಯಾಮೆರಾ ಕಡೆ ನೋಡುತ್ತಾ ನಿಂತಿದ್ದಾರೆ. ಆ ಟೇಪು ಹೊರಗೆ ಬಂತು, ಅಧಿಕಾರಿಗಳು ನೋಡಿದರು. ಇದನ್ನು ಪತ್ರಿಕೆಯವರಿಗೆ ಕೊಟ್ಟರೆ ಜನರಿಗೆ ಒಳಗಿನವರ ಮೇಲೆ ಕನಿಕರ ಹುಟ್ಟುತ್ತದೆ ಎಂಬ ಆತಂಕ ಅವರ ದಾಖಲೆಯಲ್ಲೇ ಇದೆ. ಮುತ್ತಿಗೆ ಮುಗಿಯುವವರೆಗೂ ಟೇಪನ್ನು ಜನಕ್ಕೆ ತೋರಿಸಲಿಲ್ಲ. ಜನ ನೋಡಿದ್ದು ದಿನವೂ ಅದೇ ದೂರದ ಚಿತ್ರ: ಬಯಲು, ಹಲಗೆಯ ಕಟ್ಟಡ, ಗೋಪುರದಂಥ ಒಂದು ಕೋಣೆ, ಹಾರಾಡುವ ಬಾವುಟ. ಒಂದೇ ಒಂದು ಮುಖ ಇಲ್ಲ. ಮುಖ ಕಾಣದವರ ಮೇಲೆ ಜನ ತೀರ್ಪು ಕೊಡುವುದು ಎಷ್ಟು ಸುಲಭ ಎಂಬುದನ್ನು ಆ ಟೇಪು ಮುಚ್ಚಿಟ್ಟವರು ಚೆನ್ನಾಗಿ ಬಲ್ಲವರಾಗಿದ್ದರು.

ಪೊಲೀಸರು ರಸ್ತೆ ತಡೆದ ಜಾಗದ ಹತ್ತಿರದ ದಿಬ್ಬದ ಮೇಲೆ ಜನ ಸೇರತೊಡಗಿದರು. ದುರ್ಬೀನು ತಂದರು, ಮಡಿಸುವ ಕುರ್ಚಿ ತಂದರು. ಟೀ ಶರ್ಟು, ಟೋಪಿ ಮಾರುವವರು ಬಂದರು. ಒಳಗೆ ನೂರರ ಹತ್ತಿರ ಜನ ಸಾವಿನ ಅಂಚಿನಲ್ಲಿರುವಾಗ ಹೊರಗೆ ಸಂತೆ ನೆರೆಯಿತು. ಆ ಸಂತೆಯಲ್ಲಿ ಒಬ್ಬ ಯುವಕ ತನ್ನ ಕಾರಿನ ಬಾನೆಟ್ ಮೇಲೆ ಸರ್ಕಾರದ ವಿರುದ್ಧದ ಸ್ಟಿಕರುಗಳನ್ನು ಹರಡಿಕೊಂಡು ಮಾರುತ್ತಾ ಕೂತಿದ್ದ. ಪತ್ರಿಕೋದ್ಯಮ ಓದುತ್ತಿದ್ದ ಹುಡುಗಿಯೊಬ್ಬಳು ಅವನನ್ನು ಮಾತಾಡಿಸಿ ಬರೆದುಕೊಂಡಳು. ಕೊಲ್ಲಿ ಯುದ್ಧದಿಂದ ಬಂದ ಮಾಜಿ ಸೈನಿಕ ಅವನು, ಟಿಮೊತಿ ಮೆಕ್‌ವೇ.

ಏಪ್ರಿಲ್ 19ರ ಬೆಳಿಗ್ಗೆ ಆರರ ಹೊತ್ತಿಗೆ ಸೇನೆಯ ಭಾರಿ ವಾಹನಗಳು ಗೋಡೆ ತೂತು ಮಾಡಿ ಅಶ್ರುವಾಯು ತುಂಬತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಕಾಣಿಸಿತು. ಬಯಲಿನ ಬಿರುಗಾಳಿಗೆ ಒಂದು ಗಂಟೆಯೊಳಗೆ ಎಲ್ಲವೂ ಬೂದಿಯಾಯಿತು. 76 ಜನ ಸತ್ತರು, ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಬೆಂಕಿಯಿಂದ ಬದುಕಿ ಬಂದವರು ಒಂಬತ್ತೇ ಜನ.

ಅದಾದ ಕೂಡಲೇ ನಡೆದ ಸಮೀಕ್ಷೆಯಲ್ಲಿ ಹತ್ತರಲ್ಲಿ ಏಳು ಜನಕ್ಕೂ ಹೆಚ್ಚು ಮಂದಿ ಸರ್ಕಾರ ಮಾಡಿದ್ದು ಸರಿ ಅಂದರು. ತಪ್ಪೆಲ್ಲ ಕೊರೇಶ್‌ನದು ಎಂದವರು ಅದಕ್ಕೂ ಹೆಚ್ಚು. ಅಧಿಕಾರಕ್ಕೆ ಬಂದು ಒಂದೂವರೆ ತಿಂಗಳೂ ಆಗಿರದ ಅಟಾರ್ನಿ ಜನರಲ್ ಜಾನೆಟ್ ರೆನೊ ಕ್ಯಾಮೆರಾ ಮುಂದೆ ನಿಂತು, ನಿರ್ಧಾರ ನನ್ನದು, ಹೊಣೆ ನನ್ನದು ಎಂದಾಗ ಅವರ ಜನಪ್ರಿಯತೆ ಏರಿತು. ಹೊಣೆ ಹೊತ್ತ ಅವರ ಗಟ್ಟಿತನವನ್ನು ನಾನು ಗೌರವಿಸುತ್ತೇನೆ. ಆದರೆ ಒಳಗೆ ಕೂಸುಗಳನ್ನು ಹೊಡೆಯುತ್ತಿದ್ದಾರೆ ಎಂಬ ಕಾರಣವನ್ನೂ ಅವರು ಕೊಟ್ಟಿದ್ದರು. ಅದಕ್ಕೆ ಆಧಾರವಿಲ್ಲ ಎಂದು ಆಮೇಲೆ ಗೊತ್ತಾಯಿತು. ಹೀಗಾಗುತ್ತದೆಂದು ಗೊತ್ತಿದ್ದರೆ ಆ ತೀರ್ಮಾನ ಮಾಡುತ್ತಿರಲಿಲ್ಲ ಎಂದು ರೆನೊ ಅವರೇ ಮುಂದೆ ಹೇಳಿದರು. ಚಪ್ಪಾಳೆ ಹೊಡೆದ ಜನ ಮಾತ್ರ ಅಷ್ಟರಲ್ಲಿ ಬೇರೆ ಸುದ್ದಿಗೆ ಹೋಗಿಯಾಗಿತ್ತು. ಮಗೂ, ಮಕ್ಕಳನ್ನು ಉಳಿಸಲೆಂದು ಹೊರಟ ಕಾರ್ಯಾಚರಣೆಯಲ್ಲಿ ಮಕ್ಕಳೇ ಸುಟ್ಟುಹೋದಾಗ, ಒಂದು ದಿನವಾದರೂ ಬಾಯಿ ಮುಚ್ಚಿ ಅಳಬೇಕಾಗಿತ್ತು ಆ ದೇಶ. "ಪಂಥ" ಎಂಬ ಹಣೆಪಟ್ಟಿ ಅಂಟಿಸಿದ್ದರಿಂದ ಅವರ ಸಾವು ಸಾವಾಗಿ ಕಾಣಲಿಲ್ಲ.

1999ರಲ್ಲಿ ಗಾಳಿ ತಿರುಗಿತು. ಅಂದು ಬೆಳಿಗ್ಗೆ ಬೆಂಕಿ ಹತ್ತಿಸಬಲ್ಲಂಥ ಕೆಲವು ಅಶ್ರುವಾಯು ಗುಂಡುಗಳನ್ನೂ ಹಾರಿಸಲಾಗಿತ್ತು, ಎಫ್‌ಬಿಐ ಅದನ್ನು ಆರು ವರ್ಷ ಮುಚ್ಚಿಟ್ಟಿತ್ತು ಎಂಬುದು ಹೊರಬಿತ್ತು. ತಕ್ಷಣದ ಸಮೀಕ್ಷೆಯಲ್ಲಿ 100ಕ್ಕೆ 61 ಜನ, ಬೆಂಕಿ ಹಚ್ಚಿದ್ದೇ ಸರ್ಕಾರದವರು ಅಂದರು. ಮಾಜಿ ಸೆನೆಟರ್ ಜಾನ್ ಡ್ಯಾನ್‌ಫೋರ್ತ್ ತನಿಖೆ ಮಾಡಿ 2000ದಲ್ಲಿ ವರದಿ ಕೊಟ್ಟರು. ಆ ಗುಂಡುಗಳು ಹಾರಿದ್ದು ಬೆಂಕಿ ಏಳುವ ನಾಲ್ಕು ಗಂಟೆ ಮೊದಲು, ಬೇರೆ ಕಡೆ. ಬೆಂಕಿ ಹಚ್ಚಿದವರು ಒಳಗಿನವರೇ. ಗುಪ್ತ ಮೈಕುಗಳಲ್ಲಿ ಇಂಧನ ಸುರಿಯುವ ಮಾತು ದಾಖಲಾಗಿದೆ, ಸತ್ತವರಲ್ಲಿ ಹಲವರ ಮೈಯಲ್ಲಿ ಒಳಗಿನವರದೇ ಗುಂಡಿನ ಗಾಯಗಳಿದ್ದವು. ಆದರೆ ಸರ್ಕಾರದ ಕಡೆಯವರು ಸತ್ಯ ಮುಚ್ಚಿಟ್ಟದ್ದನ್ನು ಡ್ಯಾನ್‌ಫೋರ್ತ್ ಕಟುವಾಗಿ ಖಂಡಿಸಿದರು. ಜನ ನಂಬಿಕೆ ಕಳೆದುಕೊಂಡದ್ದಕ್ಕೆ ಆ ಮುಚ್ಚಿಡುವಿಕೆಯೇ ಕಾರಣ. ಸುಳ್ಳು ಹೇಳಿ ಒಮ್ಮೆ ಸಿಕ್ಕಿಬಿದ್ದ ಸರ್ಕಾರ ಆಮೇಲೆ ನಿಜ ಹೇಳಿದರೂ ಕೇಳುವವರಿರುವುದಿಲ್ಲ.

ಆ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. 1995ರ ಏಪ್ರಿಲ್ 19, ವೇಕೋ ಬೆಂಕಿಗೆ ಸರಿಯಾಗಿ ಎರಡು ವರ್ಷ. ದಿಬ್ಬದ ಮೇಲೆ ಸ್ಟಿಕರ್ ಮಾರಿದ್ದ ಆ ಮೆಕ್‌ವೇ ಓಕ್ಲಹೋಮ ನಗರದ ಕೇಂದ್ರ ಸರ್ಕಾರಿ ಕಚೇರಿಯ ಮುಂದೆ ಸ್ಫೋಟಕ ತುಂಬಿದ ಟ್ರಕ್ ನಿಲ್ಲಿಸಿ ಹೋದ. ಆ ಕಟ್ಟಡದಲ್ಲಿ ನೌಕರರ ಮಕ್ಕಳನ್ನು ಬಿಡುವ ಶಿಶುವಿಹಾರವಿತ್ತು. ಸತ್ತ 168 ಜನರಲ್ಲಿ 19 ಮಕ್ಕಳು. ವೇಕೋದ ಮಕ್ಕಳಿಗೆ ನ್ಯಾಯ ಕೇಳುತ್ತೇನೆ ಎಂದವನು ಬೇರೆ ಮಕ್ಕಳನ್ನು ಕೊಂದ. ಅವನಿಗೆ 2001ರಲ್ಲಿ ಮರಣದಂಡನೆಯಾಯಿತು. ಇವತ್ತಿಗೂ ಅವನ ಪರ ಮಾತಾಡುವವರು ಸಿಗುತ್ತಾರೆ. ಅಂಥವರ ಮಾತಿನಲ್ಲಿ ಅರ್ಧ ನಿಜ ಇರುತ್ತದೆ, ವೇಕೋದಲ್ಲಿ ಸರ್ಕಾರ ತಪ್ಪು ಮಾಡಿತ್ತು ಎಂಬ ನಿಜ. ಆ ಅರ್ಧ ನಿಜಕ್ಕೆ ಮರುಳಾಗಬೇಡ. ನಿನ್ನ ವಯಸ್ಸಿನವರ ಬಿಸಿರಕ್ತವನ್ನು ಅವರು ಹುಡುಕಿಕೊಂಡು ಬರುತ್ತಾರೆ.

ಹಾಗಾದರೆ ಯಾರಂತೆ ಇರಬೇಕು ಅಂತ ಕೇಳುತ್ತೀಯ. ಜೇಮ್ಸ್ ಟೇಬರ್, ಫಿಲಿಪ್ ಆರ್ನಲ್ಡ್ ಎಂಬ ಇಬ್ಬರು ಬೈಬಲ್ ವಿದ್ವಾಂಸರಿದ್ದರು. ಕೊರೇಶ್ ಹೇಳುವುದನ್ನು ಅವರು ನಂಬುತ್ತಿರಲಿಲ್ಲ. ಆದರೆ ಅವನಿಗೆ ಅರ್ಥವಾಗುವ ಭಾಷೆ ಏಳು ಮುದ್ರೆಗಳದ್ದೇ ಎಂಬುದು ಅವರಿಗೆ ತಿಳಿದಿತ್ತು. ರೇಡಿಯೊದಲ್ಲಿ ಕೂತು ಅವನಿಗೆ ಕೇಳಿಸುವಂತೆ ಆ ಭಾಷೆಯಲ್ಲೇ ಚರ್ಚಿಸಿದರು. ಏಪ್ರಿಲ್ 14ರಂದು ಕೊರೇಶ್ ಪತ್ರ ಬರೆದ, ಏಳು ಮುದ್ರೆಗಳ ವ್ಯಾಖ್ಯಾನ ಬರೆದು ಮುಗಿಸಿ ಹೊರಗೆ ಬರುತ್ತೇನೆ ಅಂತ. ಇದೂ ಕಾಲ ತಳ್ಳುವ ಉಪಾಯ ಎಂದು ಎಫ್‌ಬಿಐ ತಳ್ಳಿಹಾಕಿತು. ಉಪಾಯವೇ ಇದ್ದೀತು. ಆದರೆ ಬದುಕಿ ಬಂದ ಒಬ್ಬ ಹೆಂಗಸಿನ ಹತ್ತಿರ ಕಂಪ್ಯೂಟರ್ ಡಿಸ್ಕ್ ಇತ್ತು, ಅದರಲ್ಲಿ ಮೊದಲ ಮುದ್ರೆಯ ವ್ಯಾಖ್ಯಾನ ಮುಗಿದಿತ್ತು. ಇನ್ನು ಕೆಲವು ವಾರ ಕಾದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ನನ್ನ ತೀರ್ಮಾನ ಇದೇ, ಮಗೂ: ಬೆಂಕಿ ಹಚ್ಚಿದ ಪಾಪ ಒಳಗಿನವರದು, ಕಾಯದೆ ಹೋದ ಪಾಪ ಹೊರಗಿನವರದು. ಒಂದನ್ನು ಹೇಳಿದಾಗ ಇನ್ನೊಂದು ಸಣ್ಣದಾಗುವುದಿಲ್ಲ.

ಕೋರ್ಟಿನ ಹನ್ನೆರಡು ಜನ ಜ್ಯೂರಿಗಳೂ ನೆನಪಿರಲಿ. ಊರೆಲ್ಲ ಉಗಿಯುತ್ತಿದ್ದ ಹೊತ್ತಿನಲ್ಲಿ, 1994ರಲ್ಲಿ, ಬದುಕುಳಿದ 11 ಮಂದಿಯ ವಿಚಾರಣೆ ನಡೆಯಿತು. ಕೊಲೆಯ ಸಂಚು ಮಾಡಿದರೆಂಬ ಆರೋಪದಿಂದ ಅಷ್ಟೂ ಜನರನ್ನು ಅವರು ಬಿಡುಗಡೆ ಮಾಡಿದರು, ಕೆಲವರನ್ನು ಅದಕ್ಕಿಂತ ಚಿಕ್ಕ ಅಪರಾಧಗಳಿಗೆ ತಪ್ಪಿತಸ್ಥರೆಂದರು. ವಾರಗಟ್ಟಲೆ ಸಾಕ್ಷಿ ಕೇಳಿದ್ದಕ್ಕೇ ಅವರಿಗೆ ಅದು ಸಾಧ್ಯವಾಯಿತು. ಅತ್ತ, ದಾಳಿಗೆ ಕಳಿಸಿದ ಎಟಿಎಫ್‌ನ ಇಬ್ಬರು ಮೇಲಧಿಕಾರಿಗಳನ್ನು ಕೆಲಸದಿಂದ ತೆಗೆದರು, ಆಮೇಲೆ ಮತ್ತೆ ಸೇರಿಸಿಕೊಂಡರು. ಇದು ನನಗೆ ಈಗಲೂ ಸಂಕಟ ಕೊಡುತ್ತದೆ.

ಸಾಕ್ಷ್ಯಚಿತ್ರ ನೋಡಿದ್ದೀಯ, ಒಳ್ಳೆಯದು. ಇನ್ನು ಡ್ಯಾನ್‌ಫೋರ್ತ್ ವರದಿ ಓದು. ಆ ವಿಡಿಯೊ ಟೇಪಿನ ಭಾಗಗಳು ಈಗ ಎಲ್ಲರಿಗೂ ಸಿಗುತ್ತವೆ, ಅದನ್ನೂ ನೋಡು, ಮಕ್ಕಳ ಮುಖ ಬರುವಾಗ ಓಡಿಸಬೇಡ. ಅಂದು ಸತ್ತ ನಾಲ್ವರು ಸಿಬ್ಬಂದಿಗೂ ಮನೆ ಮಠ ಇತ್ತು, ಅವರನ್ನೂ ಲೆಕ್ಕಕ್ಕೆ ಹಿಡಿ. ಅಲ್ಲಿಯವರೆಗೆ ಗೆಳತಿಯರು ಯಾರಾದರೂ ತಪ್ಪು ಯಾರದು ಅಂತ ಕೇಳಿದರೆ, ಇನ್ನೂ ಓದುತ್ತಿದ್ದೇನೆ ಅನ್ನು. ಓದಿ ಮುಗಿದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಕೂತು ಮಾತಾಡೋಣ.