ರೇಡಿಯೇಟರ್ ಬಿಚ್ಚುವ ಮುನ್ನ

ಪುಣೆ ಬಳಿಯ ದಿವೆ ಘಾಟ್ ಹತ್ತುವಾಗ ಎ.ಸಿ. ಹಾಕಿದರೆ ಸಾಕು, ನಮ್ಮ ಹಳೆಯ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಮೇಲೇರತೊಡಗಿತ್ತು. ಹಡಪಸರದ ಗ್ಯಾರೇಜೊಂದರಲ್ಲಿ ತೋರಿಸಿದಾಗ ಹೊಸ ರೇಡಿಯೇಟರ್, ಕೂಲಂಟ್, ಮಜೂರಿ ಸೇರಿ 7,500 ರೂಪಾಯಿ ಎಂದರು. ನಾನು ಹಳೆಯದನ್ನೇ ಮನೆಯಲ್ಲಿ ಬಿಚ್ಚಿ ತೊಳೆದೆ. ಖರ್ಚು 1,400. ಉಳಿದ ಹಣದಲ್ಲಿ ಸ್ಪ್ಯಾನರ್ ತಿರುಗಿಸಿದ್ದರ ಪಾಲು ಕಡಿಮೆ, ಬಿಚ್ಚುವ ಮುಂಚೆ ರೋಗ ಗುರುತಿಸಿದ್ದರ ಪಾಲು ಹೆಚ್ಚು.

ಗಾಡಿತಳದ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯಾಗಿ, ಸೋಲಾಪುರ ರಸ್ತೆಯಲ್ಲಿ ಓಡುವಾಗ ಸರಿಹೋದರೆ ಅನುಮಾನ ಫ್ಯಾನಿನ ಮೇಲೆ. ಮೊದಲು ಫ್ಯೂಸು, ರಿಲೇ ನೋಡಿ. ಅದು ಸಣ್ಣ ಖರ್ಚು. ಏರಿನಲ್ಲಿ, ವೇಗದಲ್ಲಿ ಬಿಸಿಯಾದರೆ ಹೆಚ್ಚಾಗಿ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ. ಟಾರ್ಚ್ ಬಿಟ್ಟು ನೋಡಿದೆ. ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಧೂಳು, ಕಬ್ಬಿನ ರವದಿಯ ಚೂರು, ಸತ್ತ ಹುಳ ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ನೀರು ಹೊಡೆದರೆ ಅದು ಬರುವುದಿಲ್ಲ, ಬಿಚ್ಚಲೇಬೇಕು. ಹೊರಮೈಯ ಧೂಳಷ್ಟೇ ಆಗಿದ್ದರೆ ಬಿಚ್ಚುವ ತಾಪತ್ರಯವೇ ಬೇಡ.

ಇಂಜಿನ್ ಪೂರ್ತಿ ತಣಿಯದೆ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಬ್ಯಾಟರಿ ವೈರ್ ತೆಗೆದು, ಕೆಳಗಿನ ಹೋಸ್ ಕಳಚಿ, ಹಳೆಯ ಕೂಲಂಟನ್ನು ಟಬ್ಬಿಗೆ ಇಳಿಸಿದೆ. ಅದು ಸಿಹಿ ವಿಷ. ಸೊಸೈಟಿಯ ನಾಯಿ ನೆಕ್ಕಿದರೆ ಸಾಯಬಹುದು, ಚರಂಡಿಗೂ ಸುರಿಯಬಾರದು. ರೇಡಿಯೇಟರ್ ಹೊರತೆಗೆದ ಮೇಲೆ ಫ್ಯಾನ್ ಇರುವ ಬದಿಯಿಂದ ಮೆಲ್ಲಗೆ ನೀರು ಬಿಟ್ಟು ಫಿನ್ಸ್ ತೊಳೆಯಬೇಕು. ಪ್ರೆಶರ್ ವಾಷರ್ ಹಿಡಿದರೆ ಅವು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಒಳಭಾಗಕ್ಕೆ ಕೆಳಗಿನ ಬಾಯಿಯಿಂದ ನೀರು ಬಿಟ್ಟು, ಮೇಲಿನಿಂದ ತಿಳಿಯಾಗಿ ಬರುವವರೆಗೆ ಹರಿಸಿದೆ.

1,400ರಲ್ಲಿ ಹೆಚ್ಚಿನದು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್‌ಗೆ ಹೋಯಿತು. ಹೋಸ್ ಕ್ಲಾಂಪು, ಬಂಪರಿನ ಕ್ಲಿಪ್ಪು ಚಿಲ್ಲರೆ ಬಾಬತ್ತು. ಇಲ್ಲಿ ಜಿಪುಣತನ ಸಲ್ಲದು. ಟ್ಯಾಂಕರ್ ನೀರೋ ಬೋರ್ ನೀರೋ ತುಂಬಿದರೆ ಅದರ ಸುಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತದೆ. ಕೊನೆಗೆ ಹೀಟರ್ ಹಾಕಿ ಇಂಜಿನ್ ಓಡಿಸಿ, ಸಿಕ್ಕಿಕೊಂಡ ಗಾಳಿ ಹೊರಡಿಸಿ, ತಣಿದ ಮೇಲೆ ಮತ್ತೆ ಮಟ್ಟ ನೋಡಿ.

ಬಿಸಿಯಾದ ಗಾಡಿಯನ್ನು ಹಾಗೇ ಓಡಿಸಿದರೆ ಗ್ಯಾಸ್ಕೆಟ್ ಹಾರುತ್ತದೆ, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಆ ಬಿಲ್ಲನ್ನು ವಿಮೆ ತುಂಬಿಕೊಡುತ್ತದೆಂದು ನೆಚ್ಚಬೇಡಿ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ಕೆಡುಕು ಎರಡೂ ಹೊರಗೆ. ಹಾಗಾಗಿ ಕೂಲಂಟಿನಲ್ಲಿ ಎಣ್ಣೆಪಸೆ ಕಂಡರೆ ಮನೆಗೆಲಸ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳಿದ್ದರೆ ಹೊಸದನ್ನೇ ಹಾಕಿಸಿ. ಎಂ-ಸೀಲ್ ಮೆತ್ತಿ ಉಳಿಸಿದ ದುಡ್ಡು ಬಡ್ಡಿ ಸಮೇತ ಕೈಬಿಡುತ್ತದೆ.