ಬಿಸಿಲಿನ ಹೊಡೆತ: ಮೊದಲು ಮೈ ತಂಪು ಮಾಡಿ, ಆಮೇಲೆ ಸಾಗಿಸಿ



ಪ್ರಕೃತಿ ವಿಕೋಪ ಎಂದರೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿಗೆ 2009ರ ನೆರೆ, 2020ರ ಭೀಮಾ ಪ್ರವಾಹ ನೆನಪಾಗುತ್ತವೆ. ಬಿಸಿಲನ್ನು ಯಾರೂ ಆ ಸಾಲಿಗೆ ಸೇರಿಸುವುದಿಲ್ಲ. "ನಮ್ಮೂರ ಬಿಸಿಲು ನಮಗೇನು ಹೊಸದಾ?" ಎನ್ನುತ್ತೇವೆ. ಆದರೆ 2015ರ ಮೇ ತಿಂಗಳಲ್ಲಿ ಬಿಸಿಗಾಳಿಯಿಂದ ತೆಲಂಗಾಣ, ಆಂಧ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು.

ನಾನು ಹೈದರಾಬಾದಿನಲ್ಲಿ ಹೃದ್ರೋಗ ವೈದ್ಯ. ಒಂದು ಬೇಸಿಗೆಯಲ್ಲಿ ಗಡಿಭಾಗದ ರೈತರೊಬ್ಬರನ್ನು ಕರೆತಂದರು. ಮೊದಲೇ ಸ್ಟೆಂಟ್ ಹಾಕಿಸಿಕೊಂಡವರು. ಮಧ್ಯಾಹ್ನ ಹೊಲದಲ್ಲಿ ಏನೇನೋ ಮಾತಾಡುತ್ತಾ ಕುಸಿದರಂತೆ. ಹಾರ್ಟ್ ಅಟ್ಯಾಕ್ ಎಂದುಕೊಂಡ ಮನೆಯವರು ಕಾರಿನಲ್ಲಿ ನೇರ ಇಲ್ಲಿಗೇ ಹೊರಟರು. ನಾಲ್ಕು ಗಂಟೆಯ ದಾರಿ. ಬಂದಾಗ ಮೈಬಿಸಿ 106 ಡಿಗ್ರಿ ಫ್ಯಾರನ್‌ಹೀಟ್. ಸ್ಟೆಂಟ್ ಸರಿಯಾಗಿಯೇ ಇತ್ತು. ಆಗಿದ್ದು ಹೀಟ್ ಸ್ಟ್ರೋಕ್. ಕಿಡ್ನಿ, ಲಿವರ್ ಕೈಕೊಟ್ಟು ಮೂರನೇ ದಿನ ತೀರಿಕೊಂಡರು. "ಹೊಲದಾಗೇ ಬೋರ್ ಇತ್ತಲ್ರೀ ಸರ್" ಎಂದು ಮಗ ಅತ್ತಾಗ ನನಗೆ ಮಾತೇ ಹೊರಡಲಿಲ್ಲ.

ಹೃದಯಕ್ಕೆ ಏನಾಗುತ್ತದೆ?
ಮೈ ತಣಿಯಲು ರಕ್ತ ಚರ್ಮದ ಕಡೆಗೆ ಹರಿಯಬೇಕು. ಅದಕ್ಕೆ ಹೃದಯ ಜೋರಾಗಿ ಬಡಿಯುತ್ತದೆ. ಇತ್ತ ಬೆವರಿನಲ್ಲಿ ನೀರು, ಉಪ್ಪು ಹೋಗಿ ಬಿಪಿ ಇಳಿಯುತ್ತದೆ. ದುರ್ಬಲ ಹೃದಯಕ್ಕೆ ಇದು ದುಪ್ಪಟ್ಟು ದುಡಿಮೆ.

ಗುರುತಿಸುವುದು ಹೇಗೆ?
ಸುಡುವ ಮೈ, ಜೊತೆಗೆ ತೊದಲು ಮಾತು, ಗೊಂದಲ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು. ಬೆವರು ನಿಂತಿರಲೇಬೇಕು ಎಂದೇನಿಲ್ಲ. ದುಡಿಯುತ್ತಿದ್ದವರಲ್ಲಿ ಮೈ ಒದ್ದೆಯೇ ಇರಬಹುದು.

ತಕ್ಷಣ ಏನು ಮಾಡಬೇಕು?
1. ಒಬ್ಬರು 108ಕ್ಕೆ ಕರೆ ಮಾಡಿ. ಉಳಿದವರು ನೆರಳಿಗೆ ಎತ್ತಿ ತನ್ನಿ.
2. ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಮೊದಲ ಅರ್ಧ ಗಂಟೆ ಬಹಳ ಮುಖ್ಯ.
3. ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ; ಪಕ್ಕಕ್ಕೆ ಮಲಗಿಸಿ.
4. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡದು.
5. ಹತ್ತಿರದ ಆಸ್ಪತ್ರೆಗೇ ಮೊದಲು ಹೋಗಿ. ದಾರಿಯಲ್ಲೂ ಒದ್ದೆ ಬಟ್ಟೆ, ಗಾಳಿ ಇರಲಿ.

ಹೃದಯ, ಬಿಪಿ ರೋಗಿಗಳಿಗೆ
ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ನೀರು ಅಳೆದು ಕುಡಿಯಬೇಕಾದವರು ಬೇಸಿಗೆಗೆ ಮೊದಲೇ ನಿಮ್ಮ ಡಾಕ್ಟರನ್ನು ಕಂಡು ಎರಡರ ಪ್ರಮಾಣವನ್ನೂ ಕೇಳಿಕೊಳ್ಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹೊಲದ ಕೆಲಸ ಬೆಳಗ್ಗೆ ಹನ್ನೊಂದರೊಳಗೆ ಮುಗಿಸಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ.

ದೊಡ್ಡಾಸ್ಪತ್ರೆ ನೂರಾರು ಕಿಲೋಮೀಟರ್ ದೂರ ಇರಬಹುದು. ಮೊದಲ ಚಿಕಿತ್ಸೆ ಮಾತ್ರ ನಿಮ್ಮ ಬೋರ್‌ವೆಲ್ಲಿನ ನೀರಿನಲ್ಲೇ ಇದೆ. ಊರಿನಲ್ಲಿರುವ ನಿಮ್ಮವರಿಗೆ ಇದನ್ನು ಓದಿ ಹೇಳಿ.