ಮುಪ್ಪಿನ ಮುಖವೂ ಕ್ಷೌರದ ಅಲಗೂ

ಹದಿನಾರು ವರ್ಷದ ಹುಡುಗನು ಮೇಲ್ದುಟಿಯ ಮೇಲೆ ಮೂಡಿದ ನವಿರುಗೂದಲನ್ನು ಕನ್ನಡಿಯಲ್ಲಿ ನೋಡಿಕೊಂಡು ಹಿಗ್ಗುವನು. ಎಪ್ಪತ್ತು ದಾಟಿದ ಅವನ ತಾತನು ಅದೇ ಕನ್ನಡಿಯ ಮುಂದೆ ನಿಂತು, ‘ಇನ್ನು ನನ್ನ ಮುಖವನ್ನು ಯಾರು ನೋಡಬೇಕಾಗಿದೆ?’ ಎಂದುಕೊಂಡು ರೇಜರನ್ನು ಅಲಮಾರಿನಲ್ಲಿಯೇ ಬಿಟ್ಟು ಹೊರಡುವನು. ಹುಡುಗನ ಗಡ್ಡದ ವಿಷಯವಾಗಿ ಪಾಠಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಾದರೂ ಉಂಟು. ತಾತನ ಗಡ್ಡದ ವಿಷಯವಾಗಿ ಏನೂ ಇಲ್ಲ. ಆದರೆ ತಿಳಿಯತಕ್ಕ ಸಂಗತಿಗಳು ಹೆಚ್ಚಾಗಿರುವುದು ಅಲ್ಲಿಯೇ. ಆದುದರಿಂದ ಈ ಲೇಖನದಲ್ಲಿ ನಾವು ಅದನ್ನೇ ವಿಚಾರಮಾಡೋಣ.

ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ವೆಂಬ ಹೆಸರು ಹಿಂದಿನಿಂದಲೂ ಉಂಟಷ್ಟೆ. ೧೯೪೮ರಲ್ಲಿ ಅಸ್ತಿಭಾರ ಬಿದ್ದ ಜಯನಗರದಲ್ಲಿಯೂ, ಅನಂತರ ಬೆಳೆದ ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಿಯೂ ಕಚೇರಿ, ಬ್ಯಾಂಕು, ಶಾಲೆ, ಕಾರ್ಖಾನೆಗಳಿಂದ ನಿವೃತ್ತರಾದವರ ಮನೆಗಳು ಬಹಳ. ರಾಜ್ಯ ಸರ್ಕಾರದ ನೌಕರನು ಅರವತ್ತನೆಯ ವಯಸ್ಸಿಗೆ ನಿವೃತ್ತನಾಗುವನು. ಅಲ್ಲಿಯವರೆಗೆ ಮೂವತ್ತು ಮೂವತ್ತೈದು ವರ್ಷ ಅವನ ಕ್ಷೌರದ ವೇಳೆಯನ್ನು ಗೊತ್ತುಮಾಡುತ್ತಿದ್ದುದು ಕಚೇರಿಯ ಗಂಟೆ. ಗಂಟೆ ನಿಂತಮೇಲೆ ಅಭ್ಯಾಸಕ್ಕೆ ಇದ್ದ ಹೊರಗಿನ ಆಸರೆ ತಪ್ಪುವುದು. ಸೋಜಿಗವೆಂದರೆ, ಚರ್ಮವೂ ಕಣ್ಣೂ ಕೈಯೂ ಬದಲಾಗತೊಡಗುವುದು, ಎಂದರೆ ಕ್ಷೌರಕ್ಕೆ ಹೆಚ್ಚು ಎಚ್ಚರಿಕೆ ಬೇಕಾಗುವುದು, ಸರಿಯಾಗಿ ಅದೇ ಕಾಲದಲ್ಲಿ.

ಮೊದಲು ಕೂದಲನ್ನು ನೋಡೋಣ. ಹುಡುಗನಿಗೆ ಮೀಸೆ ಬರಿಸುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ರೋಮಕೂಪದಲ್ಲಿ ಇನ್ನೂ ಬಲವಾದ ಒಂದು ರೂಪಕ್ಕೆ ತಿರುಗುವುದು. ಕೆನ್ನೆಯ ರೋಮಕೂಪವು ಇದರಿಂದ ಹಿಗ್ಗಿ ದಪ್ಪ ಕೂದಲನ್ನು ಕೊಡುವುದು. ಅದೇ ವಸ್ತುವಿನಿಂದ ನಡುನೆತ್ತಿಯ ರೋಮಕೂಪವು, ಆನುವಂಶಿಕ ಗುಣವಿದ್ದವರಲ್ಲಿ, ಕುಗ್ಗಿಹೋಗುವುದು. ತಾತನ ತಲೆ ಬೋಳಾಗಿ, ಕಿವಿಯಂಚಿನಲ್ಲಿಯೂ ಮೂಗಿನ ಹೊಳ್ಳೆಗಳಲ್ಲಿಯೂ ಹುಬ್ಬಿನಲ್ಲಿಯೂ ಕೂದಲು ಉದ್ದವಾಗಿ ಬೆಳೆಯುವುದಕ್ಕೆ ಈ ಇಬ್ಬಗೆಯೇ ಕಾರಣ. ಗಡ್ಡದ ಕೂದಲು ದಿನವೊಂದಕ್ಕೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಬೆಳೆಯುವುದು. ಬೋಳಿಸಿದರೆ ಅದು ದಪ್ಪವಾಗುವುದೆಂಬ ನಂಬಿಕೆ ಕಾಲೇಜು ಹುಡುಗರಲ್ಲಿ ಪ್ರಬಲವಾಗಿದೆ. ೧೯೨೮ರಲ್ಲಿಯೇ ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಎಂಬಾಕೆ ನಾಲ್ವರು ಗಂಡಸರ ಗಡ್ಡವನ್ನು ಪರೀಕ್ಷಿಸಿ, ಕ್ಷೌರದಿಂದ ಕೂದಲಿನ ಬಣ್ಣವಾಗಲಿ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದರು. ಹೊರಗಿರುವ ಕೂದಲು ನಿರ್ಜೀವ; ಅದಕ್ಕೆ ಬಿದ್ದ ಕತ್ತಿಯ ಸುದ್ದಿ ಚರ್ಮದೊಳಗಿನ ಬೇರಿಗೆ ಮುಟ್ಟುವುದಿಲ್ಲ. ಮೊಂಡು ತುದಿ ಕೈಗೆ ಒರಟಾಗಿ ತಗಲುವುದರಿಂದ ದಪ್ಪವಾದಂತೆ ತೋರುವುದು, ಅಷ್ಟೆ.

ಇನ್ನು ಅಲಗು. ಉಕ್ಕಿಗೆ ಹೋಲಿಸಿದರೆ ಕೂದಲು ಸುಮಾರು ಐವತ್ತು ಪಾಲು ಮೃದು. ಹಾಗಿದ್ದೂ ಬ್ಲೇಡು ಕೆಲವೇ ಕ್ಷೌರಗಳಲ್ಲಿ ಮೊಂಡಾಗುವುದೇಕೆ? ೨೦೨೦ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೂಕ್ಷ್ಮದರ್ಶಕದಡಿಯಲ್ಲಿ ಕೂದಲನ್ನು ಕತ್ತರಿಸಿ ನೋಡಿದರು. ಅಲಗು ಸವೆದು ದುಂಡಾಗುವುದಕ್ಕಿಂತ ಹೆಚ್ಚಾಗಿ ಅದರ ಅಂಚು ಸಣ್ಣ ಸಣ್ಣ ಚಕ್ಕೆಗಳಾಗಿ ಮುರಿಯುತ್ತಿತ್ತು. ಅಂಚಿನ ಉಕ್ಕು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಗಡುಸು ಭಾಗವೂ ಮೆದು ಭಾಗವೂ ಸೇರುವೆಡೆಯಲ್ಲಿ ಕೂದಲು ಬಾಗಿ ಓರೆಯಾಗಿ ಒತ್ತಿದರೆ ಅಲ್ಲಿ ಚಕ್ಕೆ ಏಳುವುದು. ಈ ಗರಗಸದಂಥ ಅಂಚಿನಿಂದ ಕೂದಲನ್ನು ಕೊಯ್ಯಬೇಕಾದರೆ ಕೈಯನ್ನು ಹೆಚ್ಚು ಒತ್ತಬೇಕು. ಒತ್ತಿದಷ್ಟೂ ಚರ್ಮ ಕೆರೆಯುವುದು. ಒಂದು ಬ್ಲೇಡನ್ನು ತಿಂಗಳುಗಟ್ಟಲೆ ಬಳಸುವ ಮಿತವ್ಯಯಿಗಳು ಪಿಂಚಣಿದಾರರಲ್ಲಿ ಬಹುಮಂದಿ. ಅವರ ಮಿತವ್ಯಯ ಇತರ ವಿಷಯಗಳಲ್ಲಿ ಶ್ಲಾಘ್ಯವೇ ಆದರೂ ಇಲ್ಲಿ ಅದರ ಬೆಲೆಯನ್ನು ಕೆನ್ನೆ ತೆರಬೇಕಾಗುವುದು.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಅದು ನೀರನ್ನು ಹೀರಿ ಉಬ್ಬಿ ಮೆದುವಾಗುವುದರಿಂದ, ನೆನೆದ ಕೂದಲನ್ನು ಕತ್ತರಿಸಲು ಒಣಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ಆದರೆ ನೆನೆಯಲು ಎರಡು ಮೂರು ನಿಮಿಷಗಳಾದರೂ ಬೇಕು. ಕಚೇರಿಗೆ ಬಸ್ಸು ಹಿಡಿಯುವವನಿಗೆ ಆ ವ್ಯವಧಾನವಿರಲಿಲ್ಲ. ನಿವೃತ್ತನಿಗೆ ಉಂಟು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವುದು ಈ ದೃಷ್ಟಿಯಿಂದ ಮೇಲು. ಆದರೆ ಕ್ಷೌರವಾದ ಮೇಲೆಯೇ ಸ್ನಾನವೆಂಬುದು ನಮ್ಮ ಹಿರಿಯರ ಸಂಪ್ರದಾಯ. ಅದನ್ನು ಬಿಡಲೊಲ್ಲದವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖದ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರಾಯಿತು.

ನೀರೆಂದೊಡನೆ ದಕ್ಷಿಣ ಬೆಂಗಳೂರಿನ ಒಂದು ವಿಶೇಷವನ್ನು ಹೇಳಬೇಕು. ೧೯೭೪ರಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ ಈ ನಗರಕ್ಕೆ ಬರುತ್ತಿದೆ. ಅದು ಸಾಲದ ಮನೆಗಳಲ್ಲಿ ಕೊಳವೆಬಾವಿಯ ನೀರೂ ಟ್ಯಾಂಕರಿನ ನೀರೂ ಬಳಕೆಯಲ್ಲಿವೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದು. ಇವು ಸೋಪಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಗಸಿಯಾಗುವುವು. ನೊರೆಯಾಗಬೇಕಾಗಿದ್ದ ಸೋಪು ಹೀಗೆ ವ್ಯರ್ಥವಾಗುವುದಲ್ಲದೆ, ಗಸಿಯು ಚರ್ಮದ ಮೇಲೆಯೇ ಉಳಿದು ನವೆ ಬರಿಸುವುದೂ ಉಂಟು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸೀಸೆಗಳನ್ನು ತೆಗೆದುಕೊಂಡು, ಒಂದರಲ್ಲಿ ಮಳೆಯ ನೀರನ್ನೂ ಇನ್ನೊಂದರಲ್ಲಿ ಕೊಳವೆಬಾವಿಯ ನೀರನ್ನೂ ಅರ್ಧದಷ್ಟು ತುಂಬಿರಿ. ಸ್ನಾನದ ಸೋಪನ್ನು ಹೆರೆದು ಎರಡಕ್ಕೂ ಸಮನಾಗಿ ಹಾಕಿ, ಮುಚ್ಚಿ, ಇಪ್ಪತ್ತು ಸಲ ಕುಲುಕಿ ಇಡಿರಿ. ಐದು ನಿಮಿಷಗಳ ಮೇಲೆ ಎರಡರಲ್ಲಿಯೂ ನೊರೆಯ ಎತ್ತರವನ್ನು ಅಳೆದುನೋಡಿರಿ. ಕುದಿಸಿ ಆರಿಸಿ ತಿಳಿಗೊಂಡ ಕೊಳವೆಬಾವಿಯ ನೀರಿನಿಂದ ಮೂರನೆಯ ಸೀಸೆಯೊಂದನ್ನು ಇಟ್ಟರೆ, ಗಡಸುತನದಲ್ಲಿ ಕುದಿತದಿಂದ ಹೋಗುವ ಭಾಗವೆಷ್ಟು, ಹೋಗದ ಭಾಗವೆಷ್ಟು ಎಂಬುದೂ ಗೊತ್ತಾಗುವುದು. ತಾತನ ಕ್ಷೌರಕ್ಕೆ ಯಾವ ನೀರು ಲೇಸೆಂಬುದನ್ನು ಬಾಯಿಮಾತಿನಿಂದ ಹೇಳುವುದಕ್ಕಿಂತ ಹೀಗೆ ತೋರಿಸುವುದು ಉತ್ತಮ.

ಚರ್ಮದ ವಿಷಯಕ್ಕೆ ಬರೋಣ. ನಮ್ಮ ಹೊರಚರ್ಮವೂ ಒಳಚರ್ಮವೂ ಎರಡು ಗರಗಸಗಳ ಹಲ್ಲುಗಳು ಒಂದರೊಳಗೊಂದು ಕೂಡಿದಂತೆ ಹೆಣೆದುಕೊಂಡಿರುವುವು. ವಯಸ್ಸಾದಂತೆ ಈ ಏರುತಗ್ಗುಗಳು ಸಮತಟ್ಟಾಗುವುದರಿಂದ ಎರಡು ಪದರಗಳ ಹಿಡಿತ ಸಡಿಲಗೊಳ್ಳುವುದು. ಒಳಚರ್ಮಕ್ಕೆ ಬಿಗುವು ಕೊಡುವ ಕೊಲ್ಯಾಜೆನ್ ನಾರುಗಳೂ ಕಡಿಮೆಯಾಗುವುವು. ತರುಣರಲ್ಲಿ ಸುಮಾರು ನಾಲ್ಕು ವಾರಗಳಲ್ಲಿ ಹೊಸದಾಗುವ ಹೊರಚರ್ಮಕ್ಕೆ ವೃದ್ಧರಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದು. ಆದುದರಿಂದ ಚಿಕ್ಕ ಗೀರು ಸಹ ಬೇಗ ಮಾಯುವುದಿಲ್ಲ. ಗಲ್ಲದ ಕೆಳಗೆ ಚರ್ಮ ಜೋಲುಬಿದ್ದು ಮಡಿಕೆಯಾಗುವುದು. ಆ ಮಡಿಕೆಯ ಮೇಲೆ ಅಲಗು ಹಾಯ್ದರೆ ಗಾಯ ಖಂಡಿತ. ಎಡಗೈಯಿಂದ ಚರ್ಮವನ್ನು ಹಿಗ್ಗಿಸಿ ಹಿಡಿದು, ಕೂದಲು ಒರಗಿದ ದಿಕ್ಕಿನಲ್ಲಿಯೇ ಹಗುರವಾಗಿ ಎಳೆಯಬೇಕು. ಕೊರಳ ಬಳಿ ಕೂದಲಿನ ದಿಕ್ಕು ಕೆನ್ನೆಯಂತಿರುವುದಿಲ್ಲವೆಂಬುದನ್ನು ಬೆರಳಾಡಿಸಿ ತಿಳಿಯಬಹುದು. ಸೋಪು ಕ್ಷಾರಗುಣದ್ದು, ಚರ್ಮದ ಮೇಲ್ಮೈ ತುಸು ಆಮ್ಲಗುಣದ್ದು. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಬೆಂಗಳೂರಿನ ಒಣಗಾಳಿಯಲ್ಲಿ ಕ್ಷೌರವಾದ ಮೇಲೆ ಉರಿಸುವ ಲೋಷನ್ನಿಗಿಂತ ಕೊಂಚ ಕೊಬ್ಬರಿ ಎಣ್ಣೆ ಹಿತ.

ಗೀರಿಗಿಂತ ದೊಡ್ಡ ತೊಂದರೆ ರಕ್ತ ನಿಲ್ಲದಿರುವುದು. ಜಯನಗರದ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿಗಳ ಸಾಲಿನಲ್ಲಿ ಒಮ್ಮೆ ನಿಂತುನೋಡಿದರೆ, ವೃದ್ಧರಲ್ಲಿ ಎಷ್ಟೊಂದು ಮಂದಿ ಹೃದಯದ ಮಾತ್ರೆಗಳನ್ನು ನುಂಗುವವರೆಂಬುದು ತಿಳಿಯುವುದು. ಅವುಗಳಲ್ಲಿ ಒಂದಾದ ಆಸ್ಪಿರಿನ್, ರಕ್ತ ಹೆಪ್ಪುಗಟ್ಟಲು ಮೊದಲು ಒದಗುವ ಕಿರುತಟ್ಟೆಗಳು ಒಂದಕ್ಕೊಂದು ಅಂಟದಂತೆ ಮಾಡುವುದು. ಒಮ್ಮೆ ಹೀಗಾದ ಕಿರುತಟ್ಟೆ ತನ್ನ ಆಯುಸ್ಸಾದ ಏಳರಿಂದ ಹತ್ತು ದಿನಗಳವರೆಗೂ ಹಾಗೆಯೇ ಇರುವುದು. ಕ್ಷೌರದ ಗಾಯ ಒಸರುತ್ತಿದೆಯೆಂದು ಮಾತ್ರೆಯನ್ನು ತಾವಾಗಿಯೇ ಬಿಡುವ ಹಿರಿಯರು ಉಂಟು. ಇದು ಬಹು ಅಪಾಯಕರ. ಗೀರಿಗೆ ಹೆದರಿ ಹೃದಯಾಘಾತವನ್ನು ಕರೆದಂತೆ. ಬಿಡಬೇಕಾದುದು ಮಾತ್ರೆಯನ್ನಲ್ಲ, ಬರಿಯ ಅಲಗನ್ನು. ಇಂಥವರಿಗೂ ಕೈ ನಡುಗುವವರಿಗೂ ವಿದ್ಯುತ್ ರೇಜರು ತಕ್ಕುದು. ಸಣ್ಣ ಗಾಯಕ್ಕೆ ಶುಚಿಯಾದ ಬಟ್ಟೆಯನ್ನು ಐದು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಿದರೆ ಕಟ್ಟತೊಡಗಿದ ಹೆಪ್ಪು ಕಿತ್ತುಬರುವುದು.

ಪಟಿಕದ ಗುಣವನ್ನು ನಮ್ಮ ಕ್ಷೌರಿಕರು ಬಹುಕಾಲದಿಂದ ಬಲ್ಲರು. ಅದರಲ್ಲಿರುವ ಅಲ್ಯೂಮಿನಿಯಂ ಲವಣವು ಗಾಯದ ಬಾಯಲ್ಲಿರುವ ಪ್ರೋಟೀನನ್ನು ಗರಣೆಗಟ್ಟಿಸಿ ರಕ್ತವನ್ನು ತಡೆಯುವುದು. ಮನೆಯಲ್ಲಿ ಒಬ್ಬರೇ ಬಳಸುವ ಪಟಿಕದ ತುಂಡು ಬಹಳ ಒಳ್ಳೆಯದು. ಅಂಗಡಿಯಲ್ಲಿ ಒಬ್ಬರ ಕೆನ್ನೆಯಿಂದ ಮತ್ತೊಬ್ಬರ ಕೆನ್ನೆಗೆ ಸಾಗುವ ತುಂಡು ಒಳ್ಳೆಯದಲ್ಲ. ಈಗ ಹೆಚ್ಚಿನ ಅಂಗಡಿಗಳಲ್ಲಿ ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಹಿಡಿಗೆ ಸೇರಿಸಿ ಕ್ಷೌರಮಾಡುವರು. ಗಿರಾಕಿ ಬದಲಾದಾಗ ಬ್ಲೇಡೂ ಬದಲಾಗುವುದೆಂಬುದನ್ನು ನೋಡುವ ನಾವು ಪಟಿಕವನ್ನು ಮರೆತುಬಿಡುವೆವು. ಹೆಪಟೈಟಿಸ್ ಬಿ ಎಂಬ ಪಿತ್ತಕೋಶದ ಬೇನೆಯ, ಸರಿಯಾಗಿ ಹೇಳಬೇಕಾದರೆ ಯಕೃತ್ತಿನ ಬೇನೆಯ, ವೈರಸ್ಸು ದೇಹದ ಹೊರಗೆ ಕನಿಷ್ಠ ಏಳು ದಿನ ಸೋಂಕುವ ಶಕ್ತಿಯನ್ನು ಉಳಿಸಿಕೊಂಡಿರಬಲ್ಲುದು. ಇಂದಿನ ಮಕ್ಕಳಿಗೆ ಇದರ ಲಸಿಕೆ ದೊರೆಯುತ್ತದೆ. ತಾತಂದಿರ ಬಾಲ್ಯದಲ್ಲಿ ಅಂಥ ಲಸಿಕೆ ಇರಲೇ ಇಲ್ಲ.

ಅಂಗಡಿಯ ಇನ್ನೊಂದು ಸೇವೆಯ ವಿಷಯದಲ್ಲಿ ನಾವು ಕಠಿಣವಾಗಿಯೇ ಮಾತಾಡಬೇಕಾಗಿದೆ. ಕ್ಷೌರ ಮುಗಿದ ಮೇಲೆ ಕತ್ತನ್ನು ಹಿಡಿದು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯುವುದು ಹಲವರಿಗೆ ಪ್ರಿಯ. ಮಿದುಳಿನ ಹಿಂಭಾಗಕ್ಕೆ ರಕ್ತವನ್ನೊಯ್ಯುವ ಎರಡು ಧಮನಿಗಳು ಕತ್ತಿನ ಕಶೇರುಗಳಲ್ಲಿರುವ ರಂಧ್ರಗಳ ಮೂಲಕ ಹಾದುಹೋಗುವುವು. ಕತ್ತನ್ನು ಒಮ್ಮೆಗೇ ತಿರುಚಿದರೆ ಧಮನಿಯ ಒಳಪದರ ಸೀಳಬಹುದು. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ಉಂಟಾಗಬಹುದು. ಇದು ಅಪರೂಪವಾದರೂ, ಯಾವ ಲಾಭವೂ ಇಲ್ಲದ ಸುಖಕ್ಕಾಗಿ ಒಡ್ಡಿಕೊಳ್ಳತಕ್ಕ ಅಪಾಯವಲ್ಲ. ಮೂಗಿನ ಕೂದಲನ್ನು ಕೀಳುವುದೂ ಬೇಡ. ಆ ಭಾಗದ ಸೋಂಕು ಸಿರೆಗಳ ಮೂಲಕ ಮಿದುಳಿನ ಕಡೆಗೆ ಹಬ್ಬಬಲ್ಲುದು. ಮೊಂಡುತುದಿಯ ಕತ್ತರಿಯಿಂದ ಕತ್ತರಿಸಿದರೆ ಸಾಕು.

ಇಷ್ಟು ದೇಹದ ಮಾತು. ಆದರೆ ಮನೆಯ ಹಿರಿಯರ ಕ್ಷೌರವನ್ನು ಕಿರಿಯರು ಗಮನಿಸಬೇಕೆಂದು ನಾವು ಹೇಳುವುದಕ್ಕೆ ಇದಕ್ಕಿಂತ ಮುಖ್ಯವಾದ ಕಾರಣವುಂಟು. ಕ್ಷೌರವೆಂಬುದು ಕಣ್ಣು, ಕೈ, ನೆನಪು, ಮನಸ್ಸು ಇವೆಲ್ಲ ಒಟ್ಟಿಗೆ ದುಡಿಯಬೇಕಾದ ಕೆಲಸ. ಇವುಗಳಲ್ಲಿ ಒಂದು ಕೆಟ್ಟರೂ ಅದು ಮುಖದ ಮೇಲೆ ಕಾಣುವುದು. ಗಡ್ಡದಲ್ಲಿ ಅಲ್ಲಲ್ಲಿ ತೇಪೆಗಳು ಉಳಿದಿದ್ದರೆ ಮೊದಲು ದೀಪವನ್ನೂ ಕನ್ನಡಕವನ್ನೂ ನೋಡಬೇಕು. ಕಣ್ಣಿನ ಪೊರೆಯಿದ್ದವರಿಗೆ ನರೆತ ಕೂದಲು ಕಾಣುವುದೇ ಕಷ್ಟ. ಒಂದೇ ಜಾಗ ಮತ್ತೆ ಮತ್ತೆ ರಕ್ತ ಸುರಿಸುತ್ತ ನಾಲ್ಕು ವಾರವಾದರೂ ಮಾಯದಿದ್ದರೆ, ಇಲ್ಲವೆ ದವಡೆಯ ಕೆಳಗೆ ಗಂಟು ಕೈಗೆ ಸಿಕ್ಕಿದರೆ, ವೈದ್ಯರಿಗೆ ತೋರಿಸಬೇಕು. ದಿನವೂ ಕ್ಷೌರ ಮಾಡಿಕೊಳ್ಳುತ್ತಿದ್ದವರು ಒಂದು ದಿನ ಬಲಗೆನ್ನೆಯನ್ನು ಮಾತ್ರ ಬೋಳಿಸಿ, ಎಡಗೆನ್ನೆಯನ್ನು ಹಾಗೆಯೇ ಬಿಟ್ಟು, ‘ಆಯಿತು’ ಎಂದು ಬಂದರೆ ನಗಬಾರದು. ಮಿದುಳಿನ ಬಲಭಾಗಕ್ಕೆ ರಕ್ತ ನಿಂತವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತಿನ ಕಡೆಗೆ ಗಮನವೇ ಹರಿಯುವುದಿಲ್ಲ. ಕಣ್ಣು ಸರಿಯಾಗಿದ್ದರೂ ತಟ್ಟೆಯ ಎಡಭಾಗದ ಅನ್ನವನ್ನು ಉಣ್ಣರು, ಎಡತೋಳನ್ನು ಅಂಗಿಗೆ ತೂರಿಸರು. ಇದು ಹಠಾತ್ತಾಗಿ ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗಿರುವುದು.

ನಿಧಾನವಾಗಿ ಬರುವ ಬದಲಾವಣೆ ಇದಕ್ಕಿಂತ ಮೋಸದ್ದು. ಗಡ್ಡ ಬಿಟ್ಟವರೆಲ್ಲ ರೋಗಿಗಳಲ್ಲ. ನಿವೃತ್ತಿಯ ಸ್ವಾತಂತ್ರ್ಯವನ್ನು ಒಪ್ಪವಾದ ಬಿಳಿಯ ಗಡ್ಡದಿಂದ ಆಚರಿಸುವವರುಂಟು; ಸೂತಕಕ್ಕಾಗಿ, ವ್ರತಕ್ಕಾಗಿ ಬಿಡುವವರುಂಟು; ಮಂಗಳವಾರ ಕ್ಷೌರ ಕೂಡದೆನ್ನುವವರು ಇಂದಿಗೂ ಬಹುಮಂದಿ. ಗಮನಿಸಬೇಕಾದುದು ಗಡ್ಡವನ್ನಲ್ಲ, ಮಾರ್ಪಾಟನ್ನು. ನಲವತ್ತು ವರ್ಷ ಅಚ್ಚುಕಟ್ಟಾಗಿದ್ದವರು ಕ್ಷೌರವನ್ನೂ ಸ್ನಾನವನ್ನೂ ಬಟ್ಟೆಯನ್ನೂ ಅಲಕ್ಷ್ಯಮಾಡಿ, ಪಾರ್ಕಿನ ಗೆಳೆಯರನ್ನು ಬಿಟ್ಟು, ಊಟ ನಿದ್ರೆಗಳಲ್ಲಿ ಆಸಕ್ತಿ ಕಳೆದುಕೊಂಡರೆ, ಅದು ಖಿನ್ನತೆ ಇರಬಹುದು. ರೇಜರನ್ನು ಕೈಯಲ್ಲಿ ಹಿಡಿದು ಮುಂದೇನೆಂದು ತೋಚದೆ ನಿಂತರೆ ಮರೆವಿನ ಬೇನೆಯ ಮೊದಲ ಗುರುತಿರಬಹುದು. ಖಿನ್ನತೆಗೆ ಚಿಕಿತ್ಸೆಯುಂಟು, ಮರೆವಿನ ಬೇನೆಯನ್ನು ಬೇಗ ಗುರುತಿಸಿದರೆ ಆರೈಕೆ ಸುಲಭ. ಜಯನಗರದಿಂದ ಅಷ್ಟೇನೂ ದೂರವಲ್ಲದ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರ ಮಾನಸಿಕ ರೋಗಗಳನ್ನು ನೋಡುವ ವೈದ್ಯರಿದ್ದಾರೆ.

ವೈದ್ಯರು ಕ್ಷೌರವನ್ನು ಎಷ್ಟು ಗಂಭೀರವಾಗಿ ಎಣಿಸುವರೆಂಬುದಕ್ಕೆ ಒಂದು ನಿದರ್ಶನವಿದೆ. ರೋಗಿಯು ತನ್ನ ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲನೆಂಬುದನ್ನು ಅಳೆಯಲು ಅಮೆರಿಕದ ಮಹೋನಿ ಮತ್ತು ಬಾರ್ಥೆಲ್ ಎಂಬಿಬ್ಬರು ೧೯೬೫ರಲ್ಲಿ ನೂರು ಅಂಕಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮುಖ ತೊಳೆಯುವುದು, ತಲೆ ಬಾಚುವುದು, ಹಲ್ಲುಜ್ಜುವುದು, ಕ್ಷೌರ ಇವಕ್ಕೆ ಒಟ್ಟಾಗಿ ಐದು ಅಂಕ, ಅರೆಬರೆಗೆ ಅಂಕವಿಲ್ಲ. ರೇಜರು ಯಾವ ಬಗೆಯದಾದರೂ ಆಗಬಹುದು. ಆದರೆ ಅದನ್ನು ಅಲಮಾರಿನಿಂದ ತಾನೇ ತೆಗೆದು, ಬ್ಲೇಡನ್ನು ತಾನೇ ಹಾಕಿಕೊಳ್ಳಬೇಕು. ವಿದ್ಯುತ್ ರೇಜರಾದರೆ ತಂತಿಯನ್ನು ತಾನೇ ಸಿಕ್ಕಿಸಿಕೊಳ್ಳಬೇಕು. ಆದುದರಿಂದ ಹಾಸಿಗೆ ಹಿಡಿದ ಹಿರಿಯರಿಗೆ ಕ್ಷೌರಿಕರನ್ನು ಮನೆಗೆ ಕರೆಸುವುದು ಸರಿಯಾದರೂ, ಇನ್ನೂ ಕೈಲಾಗುವವರ ರೇಜರನ್ನು ಮನೆಯವರು ಪ್ರೀತಿಯಿಂದಲೋ ಅವಸರದಿಂದಲೋ ಕಸಿದುಕೊಳ್ಳುವುದು ಸರಿಯಲ್ಲ. ಬೆಳಕಿರುವೆಡೆಯಲ್ಲಿ ಕುರ್ಚಿಯೊಂದನ್ನು ಹಾಕಿ, ಕನ್ನಡಿಯನ್ನು ಅವರ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಬಿಸಿನೀರನ್ನು ತಂದಿಟ್ಟರೆ ಸಾಕು; ಅರ್ಧ ಗಂಟೆ ಹಿಡಿದರೂ ಹಿಡಿಯಲಿ.